ಬೇರಿಂಗ್ ಹಾಳಾಗುವ ಮುನ್ನವೇ ತಿಳಿಯುವುದು ಹೇಗೆ: ಮಧ್ಯಮ ಗಾತ್ರದ ಕಾರ್ಖಾನೆಗೆ ಮುನ್ಸೂಚಕ ನಿರ್ವಹಣೆಯ ಕೈಪಿಡಿ

ಬಾಲ್ ಬೇರಿಂಗಿನ ರೇಸ್ (ಗುಂಡುಗಳು ಉರುಳುವ ಉಂಗುರ) ಮೇಲೆ ಮೊದಲ ಸಣ್ಣ ಚಕ್ಕೆ ಎದ್ದ ದಿನದಿಂದ ಅದು ಪೂರ್ತಿ ಜಾಮ್ ಆಗುವ ದಿನದವರೆಗೆ ಸಾಮಾನ್ಯವಾಗಿ ಕೆಲವು ವಾರ, ಎಷ್ಟೋ ಸಲ ಕೆಲವು ತಿಂಗಳೇ ಸಿಗುತ್ತವೆ. ಮೊದಲು ಬರುವುದು ಕಿವಿಗೆ ಕೇಳದ ಹೈ ಫ್ರೀಕ್ವೆನ್ಸಿ ಸದ್ದು. ಆಮೇಲೆ ಮೀಟರಿಗೆ ಸಿಗುವ ಕಂಪನ, ಆಮೇಲೆ ಗರಗರ ಶಬ್ದ, ಕೊನೆಗೆ ಬಿಸಿ. ಹೌಸಿಂಗ್ (ಬೇರಿಂಗ್ ಕೂರುವ ಹೊರಕವಚ) ಮೇಲೆ ಕೈ ಇಡಲಾಗುತ್ತಿಲ್ಲ ಎಂದು ಆಪರೇಟರ್ ಬಂದು ಹೇಳುವ ಹೊತ್ತಿಗೆ ಉಳಿದಿರುವುದು ಕೆಲವು ಗಂಟೆ ಅಥವಾ ಹೆಚ್ಚೆಂದರೆ ಕೆಲವು ದಿನ. ಈ ಸರಣಿಯ ಆರಂಭದಲ್ಲೇ ತೊಂದರೆಯನ್ನು ಹಿಡಿದು, ಸ್ಪೇರ್ ತರಿಸಿಟ್ಟುಕೊಂಡು, ವಾರದ ರಜೆಯ ದಿನ ಸಾವಧಾನವಾಗಿ ಬದಲಿಸುವುದೇ ಮುನ್ಸೂಚಕ ನಿರ್ವಹಣೆ.

ಇಲ್ಲಿ ಹೇಳುವುದು 5ರಿಂದ 150 ಕಿಲೋವ್ಯಾಟ್‌ವರೆಗಿನ ಮೋಟಾರ್, ಪಂಪು, ಬ್ಲೋವರ್, ಗೇರ್‌ಬಾಕ್ಸ್‌ಗಳಿಗೆ ಅನ್ವಯಿಸುತ್ತದೆ. ಪೀಣ್ಯದ ಮಷಿನ್ ಶಾಪ್, ಬೆಳಗಾವಿಯ ಫೌಂಡ್ರಿ, ಮಂಡ್ಯ ಅಥವಾ ಬಾಗಲಕೋಟೆಯ ಸಕ್ಕರೆ ಕಾರ್ಖಾನೆ, ಎಲ್ಲಿ ನೋಡಿದರೂ ಇರುವುದು ಬಹುತೇಕ ಇವೇ. ಸಿಎನ್‌ಸಿ ಸ್ಪಿಂಡಲ್‌ಗಳ ಲೆಕ್ಕ ಬೇರೆ, ಅದನ್ನು ಇದರಲ್ಲಿ ಸೇರಿಸಿಲ್ಲ.

ಯಾವ ಯಂತ್ರದಿಂದ ಶುರು

ಎಲ್ಲ ಮೋಟಾರಿಗೂ ಸೆನ್ಸರ್ ಹಚ್ಚುವ ಯೋಜನೆಗಳು ಬಹುಬೇಗ ಕುಸಿಯುತ್ತವೆ. ಮೊದಲು 10ರಿಂದ 15 ಯಂತ್ರ ಆರಿಸಿ. ಪ್ರತಿ ಯಂತ್ರಕ್ಕೂ ಮೂರು ಪ್ರಶ್ನೆ ಕೇಳಿ: ಇದು ನಿಂತರೆ ಲೈನ್ ನಿಲ್ಲುತ್ತದೆಯೇ? ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಇದೆಯೇ? ಬದಲಿಸಲು ಒಂದು ಶಿಫ್ಟ್‌ಗಿಂತ ಹೆಚ್ಚು ಹೊತ್ತು ಬೇಕೇ? ಕಬ್ಬು ಅರೆಯುವ ಹಂಗಾಮಿನಲ್ಲಿ ಬಾಯ್ಲರಿನ ಹೊಗೆ ಎಳೆಯುವ ಐಡಿ ಫ್ಯಾನ್ ನಿಂತರೆ ಹೊರಗೆ ಕಬ್ಬಿನ ಗಾಡಿಗಳ ಸಾಲು ಬೆಳೆಯುತ್ತದೆ. ಅದು ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ಸ್ಟೋರ್ಸ್‌ನಲ್ಲಿ ಬದಲಿ ಇರುವ 2 ಎಚ್‌ಪಿ ಕೂಲಂಟ್ ಪಂಪನ್ನು ಹಾಳಾಗುವವರೆಗೂ ಓಡಿಸಿ, ಅದರಲ್ಲಿ ತಪ್ಪೇನಿಲ್ಲ. ಕಾಂಟ್ಯಾಕ್ಟರ್ ಕಾಯಿಲ್, ಪಿಎಲ್‌ಸಿಯ (ಯಂತ್ರ ನಿಯಂತ್ರಿಸುವ ಕಂಪ್ಯೂಟರ್) ಪವರ್ ಕಾರ್ಡ್, ಲಿಮಿಟ್ ಸ್ವಿಚ್ ಇವು ಹೆಚ್ಚಾಗಿ ಸೂಚನೆ ಕೊಡದೆ ಹೋಗುತ್ತವೆ. ಇವಕ್ಕೆ ಮುನ್ಸೂಚನೆಯ ಹಿಂದೆ ಬೀಳಬೇಡಿ, ಒಂದೊಂದು ಸ್ಪೇರ್ ಇಡಿ.

ಅಳತೆಯ ಅಂತರ ನಿರ್ಧರಿಸುವ ನಿಯಮ ಸರಳ. ದೋಷ ಮೊದಲು ಅಳತೆಗೆ ಸಿಗುವ ದಿನದಿಂದ ಯಂತ್ರ ನಿಲ್ಲುವ ದಿನದವರೆಗಿನ ಅವಧಿಯ ಅರ್ಧಕ್ಕಿಂತ ಕಡಿಮೆ ಅಂತರದಲ್ಲಿ ಅಳೆಯಬೇಕು. ಬೇರಿಂಗಿಗೆ 8 ವಾರ ಸಿಗುತ್ತದೆ ಎಂದುಕೊಂಡರೆ ತಿಂಗಳಿಗೊಮ್ಮೆ ಅಳೆಯುವುದು ತೀರಾ ಅಂಚಿನ ಲೆಕ್ಕ, 2 ಅಥವಾ 3 ವಾರಕ್ಕೊಮ್ಮೆ ಸರಿ. ಏರಿಕೆ ಕಂಡ ಮೇಲೆ ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ.

ಪ್ರತಿ ಯಂತ್ರಕ್ಕೂ ಒಂದು ಹಾಳೆ ಮಾಡಿ: ಕಿಲೋವ್ಯಾಟ್, ನೇಮ್‌ಪ್ಲೇಟಿನ ಆರ್‌ಪಿಎಂ, ಎರಡೂ ಬದಿಯ ಬೇರಿಂಗ್ ನಂಬರ್, ಕಪ್ಲಿಂಗೋ ಬೆಲ್ಟೋ, ಪುಲ್ಲಿಗಳ ವ್ಯಾಸ, ಗೇರಿನ ಹಲ್ಲುಗಳು, ಇಂಪೆಲ್ಲರಿನ ಬ್ಲೇಡುಗಳು, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಇದ್ದರೆ ಅದರ ಕನಿಷ್ಠ ಮತ್ತು ಗರಿಷ್ಠ ವೇಗ. ಬೇರಿಂಗ್ ನಂಬರ್ ಇಲ್ಲದಿದ್ದರೆ ಮುಂದೆ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಕಂಪನ ಎಂದು ತೋರಿಸುವ ನಕ್ಷೆ) ಕೈಯಲ್ಲಿದ್ದರೂ ಓದಲಾಗದು. ರೀವೈಂಡಿಂಗ್‌ಗೆ ಹೋದ ಮೋಟಾರ್ ಮರಳಿ ಬಂದಾಗ ನಂಬರನ್ನು ಮತ್ತೆ ಖಚಿತಪಡಿಸಿಕೊಳ್ಳಿ. ತೆರೆದ ಬೇರಿಂಗ್ ಇದ್ದಲ್ಲಿ ಜೆಡ್‌ಜೆಡ್ (ಎರಡೂ ಬದಿಗೆ ಲೋಹದ ಮುಚ್ಚಳವಿರುವ ಬೇರಿಂಗ್) ಹಾಕಿ ಕಳಿಸುವುದು ಸಾಮಾನ್ಯ.

ಅಳೆಯುವ ಜಾಗ

ಕಂಪನದ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೋಟಾರಿನ ಎರಡು ಬೇರಿಂಗ್, ಬ್ಲೋವರಿನ ಎರಡು ಬೇರಿಂಗ್, ಒಟ್ಟು ನಾಲ್ಕು ಜಾಗ. ಪ್ರತಿಯೊಂದರಲ್ಲೂ ಅಡ್ಡ ಮತ್ತು ಲಂಬ, ಜೊತೆಗೆ ಪ್ರತಿ ಶಾಫ್ಟಿಗೆ ಒಂದು ಉದ್ದದ ದಿಕ್ಕಿನ ಅಳತೆ. ಒಂದು ಯಂತ್ರಕ್ಕೆ 10 ರೀಡಿಂಗ್. ಅಳೆಯುವ ಬಿಂದು ಬೇರಿಂಗ್ ಹೌಸಿಂಗಿನ ಗಟ್ಟಿ ಎರಕದ ಮೇಲಿರಬೇಕು. ಫ್ಯಾನ್ ಕವರ್, ಟರ್ಮಿನಲ್ ಬಾಕ್ಸ್, ಕೂಲಿಂಗ್ ಫಿನ್, ಶೀಟ್ ಮೆಟಲ್ ಗಾರ್ಡ್ ಇವುಗಳ ಮೇಲೆ ತೆಗೆದ ರೀಡಿಂಗ್ ತಗಡಿನ ಅದುರನ್ನು ಹೇಳುತ್ತದೆ, ಬೇರಿಂಗಿನದ್ದನ್ನಲ್ಲ.

ಬಿಂದುವಿನ ಬಣ್ಣ ಕೆರೆದು, ಸುಮಾರು 25 ಮಿ.ಮೀ. ವ್ಯಾಸದ ಚಪ್ಪಟೆ ಸ್ಟೀಲ್ ಬಿಲ್ಲೆಯನ್ನು ಎಪಾಕ್ಸಿಯಿಂದ ಅಂಟಿಸಿ. ಖರ್ಚು ಅತ್ಯಲ್ಪ, ಲಾಭ ದೊಡ್ಡದು. ಯಾರೇ ಅಳೆದರೂ, ಯಾವ ಶಿಫ್ಟಿನಲ್ಲೇ ಅಳೆದರೂ ಅದೇ ಜಾಗ, ಅದೇ ಹಿಡಿತ. ಪ್ರೋಬನ್ನು ಕೈಯಲ್ಲಿ ಒತ್ತಿ ಹಿಡಿದರೆ ಸುಮಾರು 1000 ಹರ್ಟ್ಜ್ ಮೇಲಿನದ್ದನ್ನು ನಂಬಬಾರದು. ಮ್ಯಾಗ್ನೆಟ್ ಹಾಕಿದರೆ ಸುಮಾರು 2000 ಹರ್ಟ್ಜ್‌ವರೆಗೆ ಧೈರ್ಯವಾಗಿ ಓದಬಹುದು, ಚೆನ್ನಾಗಿ ಕೂತ ನಯವಾದ ಮೇಲ್ಮೈಯಲ್ಲಿ ಇನ್ನೂ ಮೇಲೆ. ಬಿಲ್ಲೆಯಲ್ಲಿ ತೂತು ಕೊರೆದು ಸ್ಟಡ್ ತಿರುಗಿಸಿ ಕೂರಿಸಿದ ಸೆನ್ಸರ್ ಮಾತ್ರ 10 ಕಿಲೋಹರ್ಟ್ಜ್‌ವರೆಗೆ ನಿಜ ಹೇಳುತ್ತದೆ.

ರೀಡಿಂಗ್ ಜೊತೆಗೆ ಆಗಿನ ಆಂಪಿಯರ್ ಮತ್ತು ಆರ್‌ಪಿಎಂ ಬರೆಯುವುದನ್ನು ಬಿಡಲೇಬೇಡಿ. ಡ್ಯಾಂಪರ್ ಮುಚ್ಚಿದಾಗಿನ ಬ್ಲೋವರ್ ಮತ್ತು ತೆರೆದಾಗಿನ ಬ್ಲೋವರ್ ಅಳತೆಯ ಮಟ್ಟಿಗೆ ಬೇರೆ ಬೇರೆ ಯಂತ್ರಗಳು. ಕಪ್ಲಿಂಗ್ ಗಾರ್ಡ್ ಬಿಚ್ಚಿ ಅಳೆಯಬಾರದು. ಸಡಿಲ ತೋಳಿನ ಅಂಗಿ, ದುಪಟ್ಟಾ, ಇಳಿಬಿದ್ದ ಕೇಬಲ್ ಹತ್ತಿರ ಸುಳಿಯಬಾರದು.

ಎಷ್ಟಿದ್ದರೆ ಎಚ್ಚರ

ಪೆನ್ ಮಾದರಿಯ ಮೀಟರ್ 10ರಿಂದ 1000 ಹರ್ಟ್ಜ್ ನಡುವಿನ ವೆಲಾಸಿಟಿಯನ್ನು (ಕಂಪನದ ವೇಗ) ಮಿ.ಮೀ./ಸೆಕೆಂಡ್ ಆರ್‌ಎಂಎಸ್‌ನಲ್ಲಿ (ಒಂದು ಬಗೆಯ ಸರಾಸರಿ) ಕೊಡುತ್ತದೆ. ಅದನ್ನು ಹೋಲಿಸಲು ಐಎಸ್‌ಒ 10816-3 ಕೋಷ್ಟಕ ಇದೆ, ಈಗ ಅದರ ಜಾಗಕ್ಕೆ 20816-3 ಬಂದಿದೆ. 15ರಿಂದ 300 ಕಿಲೋವ್ಯಾಟ್ ಯಂತ್ರ ಗಟ್ಟಿ ಕಾಂಕ್ರೀಟ್ ಬುನಾದಿಯ ಮೇಲಿದ್ದರೆ 1.4ರವರೆಗೆ ಹೊಸದರಂತೆ, 2.8ರವರೆಗೆ ದೀರ್ಘಕಾಲ ಓಡಿಸಬಹುದು, 4.5ರವರೆಗೆ ರಿಪೇರಿಗೆ ದಿನ ಗೊತ್ತು ಮಾಡಿ, ಅದರ ಮೇಲೆ ಹಾನಿ ಆಗುತ್ತಿದೆ ಎಂದೇ ಅರ್ಥ. ಸ್ಪ್ರಿಂಗ್ ಅಥವಾ ಎತ್ತರದ ಸ್ಟೀಲ್ ಚೌಕಟ್ಟಿನ ಮೇಲಿದ್ದರೆ ಇವೇ ಗಡಿಗಳು 2.3, 4.5 ಮತ್ತು 7.1. ಮೇಲ್ಮಹಡಿಯ ಬ್ಲೋವರಿಗೆ ನೆಲದ ಗಡಿ ಹಾಕಿ ದಿನವೂ ಅಲಾರಂ ಬಾರಿಸುವ ಕಾರ್ಖಾನೆಗಳು ಕಡಿಮೆಯೇನಿಲ್ಲ.

ಆದರೂ ಕೋಷ್ಟಕಕ್ಕಿಂತ ಆ ಯಂತ್ರದ್ದೇ ಹಳೆಯ ರೀಡಿಂಗ್‌ಗೆ ಬೆಲೆ ಹೆಚ್ಚು. ಸ್ಪ್ರಿಂಗ್ ಮೇಲೆ ವರ್ಷಗಟ್ಟಲೆ 3.8ರಲ್ಲೇ ನಿಂತಿರುವ ಬ್ಲೋವರಿಗಿಂತ, ಮೂರು ತಿಂಗಳಲ್ಲಿ 0.9ರಿಂದ 2.3ಕ್ಕೆ ಏರಿದ ಪಂಪಿನ ಬಗ್ಗೆ ಚಿಂತಿಸಬೇಕು. ರೀಡಿಂಗ್ ಮೂಲ ಅಳತೆಯ ಎರಡರಷ್ಟಾದರೆ ಕಾರಣ ಹುಡುಕಿ, ಕೋಷ್ಟಕ ಸರಿ ಎಂದರೂ ಸರಿಯೇ.

ಇನ್ನೊಂದು ಮಿತಿ ತಿಳಿದಿರಲಿ. ಬೇರಿಂಗಿನ ಆರಂಭದ ಹಾನಿಗೆ ವೆಲಾಸಿಟಿ ಮೀಟರ್ ಕುರುಡು. ಸಣ್ಣ ಚಕ್ಕೆಯ ಮೇಲೆ ಗುಂಡು ಹಾಯುವಾಗ ಆಗುವ ಹೊಡೆತದ ಶಕ್ತಿ ಹೈ ಫ್ರೀಕ್ವೆನ್ಸಿಯಲ್ಲಿರುತ್ತದೆ, ವೆಲಾಸಿಟಿಯ ಒಟ್ಟು ಮೊತ್ತದಲ್ಲಿ ಅದು ಮುಳುಗಿಹೋಗುತ್ತದೆ. ಅದಕ್ಕೆ ಆಕ್ಸಲರೇಷನ್ ಅಥವಾ ಎನ್ವಲಪ್ ಅಳತೆ ಬೇಕು.

ಸ್ಪೆಕ್ಟ್ರಮ್ ಓದುವುದು

ಒಟ್ಟು ಕಂಪನ ಏರಿದೆ ಎಂದರೆ ಜ್ವರ ಇದೆ ಎಂದಷ್ಟೇ ಗೊತ್ತಾಗುತ್ತದೆ. ಯಾವ ಭಾಗ ಎಂದು ಹೇಳುವುದು ಎಫ್‌ಎಫ್‌ಟಿ (ಕಂಪನವನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಸ್ಪೆಕ್ಟ್ರಮ್. 1440 ಆರ್‌ಪಿಎಂ ಮೋಟಾರ್ ತೆಗೆದುಕೊಳ್ಳಿ. 60ರಿಂದ ಭಾಗಿಸಿದರೆ ಸೆಕೆಂಡಿಗೆ 24 ಸುತ್ತು, ಅಂದರೆ 24 ಹರ್ಟ್ಜ್. ಇದೇ ಅಳತೆಗೋಲು.

24ರಲ್ಲಿ ಮಾತ್ರ ಎತ್ತರದ ಗೆರೆ, ಅದೂ ಅಡ್ಡ ದಿಕ್ಕಿನಲ್ಲಿ ಹೆಚ್ಚು: ಅನ್‌ಬ್ಯಾಲೆನ್ಸ್. ಬ್ಲೋವರಿನಲ್ಲಿ ಇಂಪೆಲ್ಲರಿಗೆ ದೂಳು ಹತ್ತಿದಾಗ ಇದು ನಿಧಾನ ಏರುತ್ತದೆ, ಒಂದು ಹೆಂಟೆ ಉದುರಿದ ದಿನ ತಟ್ಟನೆ ಜಿಗಿಯುತ್ತದೆ ಅಥವಾ ಇಳಿಯುತ್ತದೆ. ಬ್ಯಾಲೆನ್ಸಿಂಗ್‌ನವರನ್ನು ಕರೆಯುವ ಮುನ್ನ ಬ್ಲೇಡ್ ತೊಳೆಸಿ. ಕೊಳೆಯ ಮೇಲೆ ಬ್ಯಾಲೆನ್ಸ್ ಮಾಡಿಸಿದ್ದು ಮುಂದಿನ ಶುಚಿಯ ದಿನ ಹಾಳಾಗುತ್ತದೆ. 48ರಲ್ಲಿ ಗೆರೆ, ಉದ್ದದ ದಿಕ್ಕಿನಲ್ಲೂ ಜೋರು: ಕಪ್ಲಿಂಗಿನ ಅಲೈನ್‌ಮೆಂಟ್ ಅನುಮಾನಿಸಿ. 24, 48, 72, 96 ಹೀಗೆ ಸಾಲಾಗಿ, ನಡುವೆ 12 ಮತ್ತು 36 ಕೂಡ ಕಂಡರೆ ಸಡಿಲ: ಬುನಾದಿ ಬೋಲ್ಟ್, ಬಿರಿದ ಗ್ರೌಟ್, ಹೌಸಿಂಗಿನಲ್ಲಿ ತಿರುಗುವ ಬೇರಿಂಗ್.

100 ಹರ್ಟ್ಜ್ ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಎರಡರಷ್ಟು. ಸ್ಟೇಟರ್ (ಮೋಟಾರಿನ ತಿರುಗದ ಭಾಗ), ಸ್ಟೇಟರ್ ಮತ್ತು ರೋಟರ್ ನಡುವಿನ ಏರ್ ಗ್ಯಾಪ್ ಅಥವಾ ಸಾಫ್ಟ್ ಫುಟ್ (ಬುನಾದಿಗೆ ಸಮನಾಗಿ ಕೂರದ ಕಾಲು) ಕಾರಣವಿರಬಹುದು. ಪರೀಕ್ಷೆ ಸುಲಭ: ಮೀಟರ್ ಹಿಡಿದುಕೊಂಡೇ ಸಪ್ಲೈ ಆಫ್ ಮಾಡಿಸಿ. ಗೆರೆ ಆ ಕ್ಷಣವೇ ಮಾಯವಾದರೆ ವಿದ್ಯುತ್ತಿನದ್ದು, ವೇಗದ ಜೊತೆ ನಿಧಾನ ಇಳಿದರೆ ಮೆಕ್ಯಾನಿಕಲ್. 2 ಪೋಲ್ ಮೋಟಾರಿನಲ್ಲಿ ಒಂದು ಗೊಂದಲವಿದೆ. 2960 ಆರ್‌ಪಿಎಂ ಎಂದರೆ 49.33 ಹರ್ಟ್ಜ್, ಅದರ ಎರಡರಷ್ಟು 98.67. ಇದಕ್ಕೂ 100ಕ್ಕೂ ಅಂತರ 1.33 ಮಾತ್ರ. ಸ್ಪೆಕ್ಟ್ರಮನ್ನು 1000 ಹರ್ಟ್ಜ್‌ಗೆ 400 ಲೈನ್ (ಸಮ ಭಾಗ) ಇಟ್ಟರೆ ಒಂದು ಲೈನ್ 2.5 ಹರ್ಟ್ಜ್, ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. 3200 ಲೈನ್ ಇಡಿ: ಒಂದು ಲೈನ್ 0.31 ಹರ್ಟ್ಜ್, ಅಳೆಯಲು 3.2 ಸೆಕೆಂಡ್ ಸಾಕು. ಅಲೈನ್‌ಮೆಂಟ್ ದೋಷವನ್ನು ವಿದ್ಯುತ್ ದೋಷ ಎಂದುಕೊಂಡು ಮೋಟಾರನ್ನು ರೀವೈಂಡಿಂಗ್‌ಗೆ ಕಳಿಸುವುದು ಈ ಸಣ್ಣ ಸೆಟ್ಟಿಂಗಿನಿಂದ ತಪ್ಪುತ್ತದೆ.

ಬೆಲ್ಟಿನ ದೋಷ ಪೆನ್ ಮೀಟರಿಗೆ ಕಾಣದಿರಬಹುದು. 200 ಮಿ.ಮೀ. ಪುಲ್ಲಿ, 24 ಹರ್ಟ್ಜ್ ವೇಗ, 2500 ಮಿ.ಮೀ. ಬೆಲ್ಟ್: 3.14 × 200 × 24 ÷ 2500, ಬರುವುದು 6 ಹರ್ಟ್ಜ್. ಮೀಟರ್ ಶುರುವಾಗುವುದೇ 10ರಿಂದ. 12 ಮತ್ತು 18ರಲ್ಲಿ ಅದರ ಗುಣಕಗಳನ್ನು ಹುಡುಕಿ.

ಈಗ ಬೇರಿಂಗ್. 6205 ನಂಬರಿನ ಬೇರಿಂಗಿನಲ್ಲಿ 9 ಗುಂಡುಗಳು. ಇದರ ಗುಣಕಗಳು: ಹೊರ ರೇಸಿಗೆ 3.585, ಒಳ ರೇಸಿಗೆ 5.415, ಗುಂಡಿಗೆ 2.357, ಕೇಜಿಗೆ (ಗುಂಡುಗಳನ್ನು ಅಂತರದಲ್ಲಿ ಹಿಡಿಯುವ ಚೌಕಟ್ಟು) 0.398. 24ರಿಂದ ಗುಣಿಸಿದರೆ ಕ್ರಮವಾಗಿ 86, 130, 56.6 ಮತ್ತು 9.6 ಹರ್ಟ್ಜ್. ಕ್ಯಾಟಲಾಗ್ ಕೈಗೆ ಸಿಗದಾಗ ಗುಂಡುಗಳ ಸಂಖ್ಯೆಯನ್ನು ವೇಗದಿಂದ ಗುಣಿಸಿ, ಹೊರ ರೇಸಿಗೆ 0.4, ಒಳ ರೇಸಿಗೆ 0.6 ಹಾಕಿದರೆ ಹತ್ತಿರದ ಉತ್ತರ ಸಿಗುತ್ತದೆ: 86.4 ಮತ್ತು 129.6. ಗುಂಡುಗಳು ಸ್ವಲ್ಪ ಜಾರುವುದರಿಂದ ನಿಜವಾದ ಗೆರೆ ಶೇ. 1 ಅಥವಾ 2ರಷ್ಟು ಪಕ್ಕದಲ್ಲಿ ಬೀಳಬಹುದು. ಈ ಸಂಖ್ಯೆಗಳು ಪೂರ್ಣಾಂಕ ಗುಣಕಗಳಲ್ಲ ಎಂಬುದೇ ಇವುಗಳ ಗುರುತು. 24ರ ಮಗ್ಗಿಯಲ್ಲಿ ಬರದ ಗೆರೆ ಕಂಡರೆ ಮೊದಲ ಸಂಶಯ ಬೇರಿಂಗಿನ ಮೇಲೆ.

ಒಳ ರೇಸಿನ ದೋಷಕ್ಕೆ ಇನ್ನೊಂದು ಗುರುತಿದೆ. ಒಳ ರೇಸ್ ಶಾಫ್ಟಿನೊಂದಿಗೆ ತಿರುಗುವುದರಿಂದ ಚಕ್ಕೆಯೆದ್ದ ಜಾಗ ಪ್ರತಿ ಸುತ್ತಿನಲ್ಲೂ ಭಾರ ಬೀಳುವ ಭಾಗಕ್ಕೆ ಬಂದು ಹೋಗುತ್ತದೆ. ಹಾಗಾಗಿ 130ರ ಎರಡೂ ಪಕ್ಕದಲ್ಲಿ 24ರ ಅಂತರದಲ್ಲಿ ಸೈಡ್‌ಬ್ಯಾಂಡ್ ಏಳುತ್ತವೆ: 106, 154. ಹೊರ ರೇಸ್ ಸ್ಥಿರ, ಅದರ ದೋಷ ಸಾಮಾನ್ಯವಾಗಿ 86, 172, 258 ಎಂದು ಒಂಟಿ ಗೆರೆಗಳಲ್ಲಿ ಸಾಗುತ್ತದೆ. ಎನ್ವಲಪ್ ಮಾಡುವಾಗ 2ರಿಂದ 10 ಕಿಲೋಹರ್ಟ್ಜ್ ಭಾಗವನ್ನು ಸೋಸಿ ತೆಗೆದು ಅದರ ಏರಿಳಿತಕ್ಕೆ ಎಫ್‌ಎಫ್‌ಟಿ ಹಾಕುತ್ತಾರೆ. ಕೈಯಲ್ಲಿ ಒತ್ತಿ ಹಿಡಿದ ಪ್ರೋಬಿನಿಂದ ಇದನ್ನು ಮಾಡಲು ಹೋದರೆ ಸಿಗುವುದು ಬರೀ ಗದ್ದಲ.

ವಿಎಫ್‌ಡಿ ಇರುವ ಮೋಟಾರಿನಲ್ಲಿ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದ್ದರೆ ತೆಗೆದ ಬೇರಿಂಗನ್ನು ಕತ್ತರಿಸಿ ರೇಸ್ ನೋಡಿ. ಅಡ್ಡಡ್ಡಲಾಗಿ ಒಂದೇ ಅಂತರದ ಗೀರುಗಳಿದ್ದರೆ ಶಾಫ್ಟ್ ಮೂಲಕ ಬೇರಿಂಗಿನೊಳಗೆ ಕರೆಂಟ್ ಹರಿದಿದೆ. ಬೇರಿಂಗ್ ಬದಲಿಸಿದರೆ ಮತ್ತೆ ಅದೇ ಆಗುತ್ತದೆ. ಶಾಫ್ಟ್ ಗ್ರೌಂಡಿಂಗ್ ರಿಂಗ್, ದೊಡ್ಡ ಮೋಟಾರಿಗೆ ಲೋಡಿಲ್ಲದ ಬದಿಯಲ್ಲಿ ಇನ್ಸುಲೇಟೆಡ್ ಬೇರಿಂಗ್, ಜೊತೆಗೆ ಸರಿಯಾಗಿ ಅರ್ಥಿಂಗ್ ಮಾಡಿದ ಶೀಲ್ಡೆಡ್ ಕೇಬಲ್ ಬೇಕು.

ಗ್ರೀಸ್

ಸೆನ್ಸರಿಗೆ ಹಣ ಹಾಕುವ ಮುನ್ನ ಗ್ರೀಸ್ ಗನ್ ಸರಿಪಡಿಸಿ. ಗ್ರಾಂ ಲೆಕ್ಕದಲ್ಲಿ ಪ್ರಮಾಣ: 0.005 × ಹೊರ ವ್ಯಾಸ × ಅಗಲ, ಎರಡೂ ಮಿ.ಮೀ.ನಲ್ಲಿ. 6309ಕ್ಕೆ 100 × 25 × 0.005, ಅಂದರೆ 12.5 ಗ್ರಾಂ. ಗನ್ನಿನ 10 ಒತ್ತು ಗ್ರೀಸನ್ನು ತೂಕ ಮಾಡಿ ಒಂದು ಒತ್ತಿಗೆ ಎಷ್ಟು ಎಂದು ಗನ್ನಿನ ಮೇಲೆಯೇ ಬರೆದಿಡಿ. ಹೆಚ್ಚು ಗ್ರೀಸ್ ತುಂಬಿದರೆ ಗುಂಡುಗಳು ಅದನ್ನು ಕಡೆಯುತ್ತಲೇ ಇರಬೇಕಾಗಿ ಬೇರಿಂಗ್ ಬಿಸಿಯಾಗುತ್ತದೆ, ಉಳಿದದ್ದು ವೈಂಡಿಂಗ್ ಮೇಲೆ ಹೋಗಿ ಕೂರುತ್ತದೆ. ಲಿಥಿಯಂ ಗ್ರೀಸ್ ಇರುವಲ್ಲಿ ಪಾಲಿಯೂರಿಯಾ ಬೆರೆಸಬೇಡಿ. ಜೆಡ್‌ಜೆಡ್ ಮತ್ತು 2ಆರ್‌ಎಸ್ (ಎರಡೂ ಬದಿಗೆ ರಬ್ಬರ್ ಸೀಲ್ ಇರುವ) ಬೇರಿಂಗಿಗೆ ಹೊರಗಿನಿಂದ ಗ್ರೀಸ್ ಹಾಕುವುದರಲ್ಲಿ ಅರ್ಥವಿಲ್ಲ.

ಗ್ರೀಸ್ ಹಾಕುವಾಗ ಹೈ ಫ್ರೀಕ್ವೆನ್ಸಿ ರೀಡಿಂಗ್ ನೋಡುತ್ತಿರಿ. ಇಳಿದು ವಾರಗಳ ಕಾಲ ಇಳಿದೇ ಇದ್ದರೆ ಬೇರಿಂಗ್ ಬರೀ ಒಣಗಿತ್ತು. ಒಂದೆರಡು ದಿನದಲ್ಲಿ ಮತ್ತೆ ಏರಿದರೆ ಹಾನಿ ಲೋಹದಲ್ಲಿದೆ, ಸ್ಪೇರ್ ತರಿಸಿ.

ಬಿಸಿ, ಕರೆಂಟ್, ಎಣ್ಣೆ

ಪ್ಯಾನೆಲ್‌ಗಳಿಗೆ ಥರ್ಮಲ್ ಕ್ಯಾಮೆರಾ ಬಲು ಉಪಯುಕ್ತ. ಮಿನುಗುವ ತಾಮ್ರ, ಅಲ್ಯುಮಿನಿಯಂ ಬಸ್‌ಬಾರಿನ ತಾಪವನ್ನು ಕ್ಯಾಮೆರಾ ತೀರಾ ಕಡಿಮೆ ತೋರಿಸುತ್ತದೆ. ಸಪ್ಲೈ ಇಲ್ಲದಾಗ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿಟ್ಟು, ಕ್ಯಾಮೆರಾದ ಎಮಿಸಿವಿಟಿ (ಮೇಲ್ಮೈ ಎಷ್ಟು ಶಾಖ ಸೂಸುತ್ತದೆ ಎಂಬ ಸೆಟ್ಟಿಂಗ್) 0.95 ಇಟ್ಟು ಅದರ ಮೇಲೆ ಅಳೆಯಿರಿ. ಮೂರು ಫೇಸ್‌ಗಳಲ್ಲಿ ಲೋಡ್ ಸಮನಾಗಿದ್ದೂ ಒಂದು ಜಾಯಿಂಟ್ ಉಳಿದವಕ್ಕಿಂತ 15 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದರೆ ಅಂದೇ ಕೆಲಸ ಮಾಡಿಸಿ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ ಲೋಡಿನಲ್ಲಿ 10 ಡಿಗ್ರಿ ವ್ಯತ್ಯಾಸ ಕಂಡರೆ ಪೂರ್ಣ ಲೋಡಿನಲ್ಲಿ 40ರ ಹತ್ತಿರ.

ಮುರಿದ ರೋಟರ್ ಬಾರನ್ನು ಕರೆಂಟ್ ಸ್ಪೆಕ್ಟ್ರಮ್ ತೋರಿಸುತ್ತದೆ. 1440ರಲ್ಲಿ ಸ್ಲಿಪ್ (1500ರ ಸಿಂಕ್ರೊನಸ್ ವೇಗಕ್ಕಿಂತ ಹಿಂದೆ ಬೀಳುವ ಪ್ರಮಾಣ) ಶೇ. 4, ಅದರ ಎರಡರಷ್ಟು ಶೇ. 8, ಹಾಗಾಗಿ 50ರ ಪಕ್ಕ 46 ಮತ್ತು 54ರಲ್ಲಿ ಗೆರೆ ಹುಡುಕಿ. ಮೋಟಾರ್ ಅರ್ಧಕ್ಕಿಂತ ಹೆಚ್ಚು ಲೋಡಿನಲ್ಲಿರಬೇಕು. ಪಿಸ್ಟನ್ ಕಂಪ್ರೆಸರಿನ ಲೋಡ್ ಏರಿಳಿತವೂ ಇಂಥದೇ ಗೆರೆ ಕೊಡುತ್ತದೆ, ಆತುರಪಡಬೇಡಿ. ಮಳೆಗಾಲದಲ್ಲಿ ನಿಂತೇ ಇರುವ ಸ್ಟ್ಯಾಂಡ್‌ಬೈ ಮೋಟಾರನ್ನು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಮಾಡದೆ ಚಾಲೂ ಮಾಡಬೇಡಿ. 415 ವೋಲ್ಟ್ ಮೋಟಾರಿಗೆ 5 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೊದಲು ಒಣಗಿಸಿ. ಗೇರ್‌ಬಾಕ್ಸ್ ಎಣ್ಣೆಯ ಸ್ಯಾಂಪಲನ್ನು ಓಡುತ್ತಿರುವಾಗ ಅಥವಾ ನಿಂತ ಕೆಲವೇ ನಿಮಿಷಗಳಲ್ಲಿ, ಎಣ್ಣೆಯ ಮಧ್ಯಭಾಗದಿಂದ, ಪ್ರತಿ ಸಲ ಅದೇ ಜಾಗದಿಂದ ತೆಗೆಯಿರಿ. ಡ್ರೈನ್ ಪ್ಲಗ್ಗಿನ ತಳದ ಕೆಸರು ಹಳೆಯ ಕಥೆಯನ್ನೇ ಹೇಳುತ್ತದೆ.

ಕಾಯಂ ಸೆನ್ಸರ್ ಹಾಕುವಾಗ

ಕೈಯಿಂದ ಅಳೆಯುವ ಶಿಸ್ತು ನಾಲ್ಕಾರು ತಿಂಗಳು ನಡೆದ ಮೇಲೆ, ಅತಿ ಮುಖ್ಯ ಎರಡು ಮೂರು ಯಂತ್ರಕ್ಕೆ ಕಾಯಂ ಸೆನ್ಸರ್ ಹಾಕಿ. ಪಿಎಲ್‌ಸಿ ಇದ್ದರೆ 4–20 ಮಿಲಿಆಂಪಿಯರ್ ವೆಲಾಸಿಟಿ ಟ್ರಾನ್ಸ್‌ಮಿಟರ್ ಸುಲಭದ ದಾರಿ. 0–25 ಮಿ.ಮೀ./ಸೆಕೆಂಡ್ ರೇಂಜಿನಲ್ಲಿ 4.5 ಎಂದರೆ 6.88 ಮಿಲಿಆಂಪಿಯರ್, 7.1 ಎಂದರೆ 8.54. 4ಕ್ಕಿಂತ ಸ್ಪಷ್ಟವಾಗಿ ಕೆಳಗಿಳಿದರೆ ವೈರ್ ಕಟ್ ಎಂದು ತೋರಿಸುವಂತೆ ಪ್ರೋಗ್ರಾಂ ಮಾಡಿಸಿ, ಇಲ್ಲದಿದ್ದರೆ ತುಂಡಾದ ಕೇಬಲ್ ಪರದೆಯ ಮೇಲೆ ಅತ್ಯುತ್ತಮ ಯಂತ್ರದಂತೆ ಕಾಣುತ್ತದೆ. ಚಾಲೂ ಆಗುವಾಗಿನ ಅದುರಿಗೆ ಟ್ರಿಪ್ ಆಗದಂತೆ ವಿಳಂಬ ಇಡಿ. ಸಿಗ್ನಲ್ ಕೇಬಲನ್ನು ವಿಎಫ್‌ಡಿಯ ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆಯಬೇಡಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ವೈರ್‌ಲೆಸ್ ಸೆನ್ಸರ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಬ್ಯಾಂಡ್‌ವಿಡ್ತ್, ಅಂದರೆ ಎಷ್ಟು ಹರ್ಟ್ಜ್‌ವರೆಗೆ ಅಳೆಯುತ್ತದೆ ಎಂಬುದು. ಕಂಪನ ಅಳೆಯುವ ಎಡಿಎಕ್ಸ್‌ಎಲ್345 ಚಿಪ್ಪಿನ ಮಿತಿ 1600 ಹರ್ಟ್ಜ್. ಅನ್‌ಬ್ಯಾಲೆನ್ಸ್, ಅಲೈನ್‌ಮೆಂಟಿಗೆ ಸಾಕು, ಬೇರಿಂಗಿನ ಆರಂಭದ ದೋಷಕ್ಕೆ ಸಾಲದು. ಎಡಿಎಕ್ಸ್‌ಎಲ್1002 ಸುಮಾರು 11 ಕಿಲೋಹರ್ಟ್ಜ್‌ವರೆಗೆ ಹೋಗುತ್ತದೆ. ತಗಡಿನ ಶೆಡ್ಡಿನಲ್ಲಿ ಸಿಗ್ನಲ್ ಪರೀಕ್ಷೆಯನ್ನು ಬಾಗಿಲು ಮುಚ್ಚಿ, ಕ್ರೇನ್ ಓಡಿಸುತ್ತಲೇ ಮಾಡಿ. ಯಂತ್ರ ಓಡುತ್ತಿರುವಾಗ ಮಾತ್ರ ರೀಡಿಂಗ್ ಉಳಿಸುವಂತೆ ಮೋಟಾರ್ ಕರೆಂಟಿಗೆ ಕಟ್ಟಿಹಾಕಿ. ನಿಂತಾಗಿನ ಸೊನ್ನೆಗಳು ಸರಾಸರಿಯಲ್ಲಿ ಸೇರಿದರೆ ಆಮೇಲಿನ ಎಲ್ಲ ಲೆಕ್ಕವೂ ಸುಳ್ಳು.

ಅಲಾರಂ ಗಡಿಗೆ 4ರಿಂದ 6 ವಾರದ ಒಳ್ಳೆಯ ಮಾಹಿತಿ ಬೇಕು. ಲೋಡ್ ಪ್ರಕಾರ ಬೇರೆ ಬೇರೆ ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿಗೆ ಮೂರು ಪಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ (ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬ ಅಳತೆ) ಸೇರಿಸಿ, ಸತತ 3 ರೀಡಿಂಗ್ ಮೀರಿದರೆ ಮಾತ್ರ ಅಲಾರಂ ಬಾರಿಸಿ. ದಿನಕ್ಕೆ ಹತ್ತು ಸುಳ್ಳು ಅಲಾರಂ ಕೊಡುವ ವ್ಯವಸ್ಥೆಯನ್ನು ಆಪರೇಟರ್ ಮ್ಯೂಟ್ ಮಾಡುತ್ತಾನೆ, ಅವನ ತಪ್ಪಲ್ಲ.

ಮಷಿನ್ ಲರ್ನಿಂಗ್ ಮಾರಲು ಬರುವವರು ಶೇ. 99 ನಿಖರತೆ ಎಂದರೆ ಯಾವ ಮಾಹಿತಿಯ ಮೇಲೆ ಎಂದು ಕೇಳಿ. ಇಂಥ ಅಂಕಿಗಳು ಬಹಳ ಸಲ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಮುಕ್ತ ಬೇರಿಂಗ್ ದತ್ತಾಂಶದಿಂದ ಬರುತ್ತವೆ. ಅದು 2 ಎಚ್‌ಪಿ ಮೋಟಾರ್ ಒಂದರ ಟೆಸ್ಟ್ ರಿಗ್. ಬೇರಿಂಗಿನ ದೋಷಗಳನ್ನು ಸ್ಪಾರ್ಕ್ ಎರೋಷನ್‌ನಿಂದ ಬೇಕೆಂದೇ ಮಾಡಿದ್ದು. ಕಲಿಯಲು ಅದು ಚಿನ್ನದಂಥ ಸಾಮಗ್ರಿ, ಆದರೆ ನಿಮ್ಮ ದೂಳು ತುಂಬಿದ ಬ್ಲೋವರಿನ ನೈಸರ್ಗಿಕ ಸವೆತ ಅದರಲ್ಲಿಲ್ಲ. 15 ಯಂತ್ರಗಳಿರುವಲ್ಲಿ ವರ್ಷಕ್ಕೆ ಆಗುವ ಬ್ರೇಕ್‌ಡೌನ್‌ಗಳು ಮಾಡೆಲ್ಲಿಗೆ ಕಲಿಸುವಷ್ಟು ಇರುವುದೇ ಇಲ್ಲ. ಮೇಲಿನ ಗಡಿ ಲೆಕ್ಕವೇ ಬಹುಕಾಲ ಸಾಕು.

ಅಲಾರಂ ಬಂದ ಮೇಲೆ

ಮೊದಲು ಕೈ ಮೀಟರಿನಿಂದ ಖಚಿತಪಡಿಸಿ, ಸೆನ್ಸರೇ ಸಡಿಲವಿರಬಹುದು. ಆಮೇಲೆ ಬುನಾದಿ ಬೋಲ್ಟ್, ಗ್ರೀಸ್, ಬೆಲ್ಟ್. ಯಂತ್ರ ನಿಲ್ಲಿಸಿ, ಐಸೊಲೇಟರಿಗೆ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲಿರಲಿ. ಡಯಲ್ ಗೇಜ್ ಇಟ್ಟು ಮೋಟಾರಿನ ಒಂದೊಂದೇ ಕಾಲಿನ ಬೋಲ್ಟ್ ಸಡಿಲಿಸಿ ನೋಡಿ. ಕಾಲು 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಸಾಫ್ಟ್ ಫುಟ್, ಶಿಮ್ (ಕಾಲಿನಡಿಯ ತೆಳು ತಗಡು) ಹಾಕಿದ ಮೇಲೆಯೇ ಅಲೈನ್‌ಮೆಂಟಿಗೆ ಕೈ ಹಚ್ಚಿ.

ಹೊಸ ಬೇರಿಂಗನ್ನು ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿ ದಾಟದಂತೆ ಬಿಸಿ ಮಾಡಿ ಕೂರಿಸಿ. ಗ್ಯಾಸ್ ಟಾರ್ಚ್ ಬೇಡ. ಒತ್ತಿ ಕೂರಿಸುವುದಾದರೆ ಶಾಫ್ಟಿಗೆ ಹೋಗುವ ಬೇರಿಂಗಿಗೆ ಒಳ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಲಿ. ಹೊರ ರಿಂಗಿಗೆ ಸುತ್ತಿಗೆ ಬಿದ್ದರೆ ಗುಂಡುಗಳು ರೇಸಿನಲ್ಲಿ ತಗ್ಗು ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನದಿಂದಲೇ ಗುಣಕ ಗೆರೆಗಳನ್ನು ತೋರಿಸುತ್ತದೆ. ಒಂದು ದಿನ ಓಡಿದ ಮೇಲೆ 10 ರೀಡಿಂಗ್ ತೆಗೆದು ಹೊಸ ಮೂಲ ಅಳತೆ ಎಂದು ದಾಖಲಿಸಿ. ಹಳೆಯ ಗಡಿ ಇನ್ನು ಲೆಕ್ಕಕ್ಕಿಲ್ಲ.

ತೆಗೆದ ಬೇರಿಂಗನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಹಾಕುವ ಮುನ್ನ ಹೊರ ರಿಂಗನ್ನು ಗ್ರೈಂಡರಿನಲ್ಲಿ ಕತ್ತರಿಸಿ, ಕನ್ನಡಕ ಹಾಕಿಕೊಂಡೇ. ಎರಡೂ ರೇಸಿನ ಫೋಟೋ ತೆಗೆದು ಯಂತ್ರದ ನಂಬರ್, ದಿನಾಂಕ, ಕೊನೆಯ ಸ್ಪೆಕ್ಟ್ರಮ್ ಜೊತೆ ಇಡಿ. ಹೊರ ರೇಸ್ ಎಂದು ಸ್ಪೆಕ್ಟ್ರಮ್ ಹೇಳಿದ್ದು ಹೊರ ರೇಸಿನಲ್ಲೇ ಕಂಡಿತೇ ಎಂದು ನೋಡಿ. ಬೇರಿಂಗ್ ಸಂಪೂರ್ಣ ಚೆನ್ನಾಗಿದ್ದರೆ ಅದನ್ನೂ ಹಾಳೆಯಲ್ಲಿ ಬರೆದು, ಆ ಗೆರೆ ಪಕ್ಕದ ಪಂಪಿನಿಂದ ಬುನಾದಿಯ ಮೂಲಕ ಬರುತ್ತಿದೆಯೇ ಎಂದು ಪಂಪನ್ನು ಐದು ನಿಮಿಷ ನಿಲ್ಲಿಸಿ ಅಳೆದು ನೋಡಿ.